ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಬಣ್ಣದೆಲೆ ಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೋಟನ್, ಕೋಲಿಯಸ್, ಕ್ಯಾಲಾಡಿಯಂ, ಕಾರ್ಡಿಲೈನ್, ಅಗ್ಲೋನಿಮಾ. ಹೂ ಬಿಡದಿದ್ದರೂ ಅಂಗಳಕ್ಕೆ ಬಣ್ಣ ತುಂಬುವ ಗಿಡಗಳಿವು. ಮಂಗಳೂರು ಕಡೆ ಕ್ರೋಟನ್ ಕಡ್ಡಿಯನ್ನು ಬೇಲಿ ಪಕ್ಕ ಚುಚ್ಚಿದರೂ ಚಿಗುರುತ್ತದೆ. ಸಿಂಧನೂರಿನಲ್ಲೋ ಸಿರುಗುಪ್ಪದಲ್ಲೋ ಅದೇ ಕ್ರೋಟನ್‌ಗೆ ಸ್ವಲ್ಪ ನಿಗಾ ಬೇಕು. ಕರಾವಳಿಗೋ ಬೆಂಗಳೂರಿಗೋ ಬರೆದ ಸಲಹೆಗಳನ್ನು ಹಾಗೇ ಪಾಲಿಸಿ ಗಿಡ ಕಳೆದುಕೊಂಡವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಇಲ್ಲಿರುವ ಉತ್ತರಗಳೆಲ್ಲ ನಮ್ಮ ಮಣ್ಣು, ನಮ್ಮ ನೀರು, ನಮ್ಮ ಬಿಸಿಲಿಗೆ ತಕ್ಕಂಥವು.

ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುತ್ತದೆ. ಇಂಥ ಗಿಡಗಳು ಬದುಕುತ್ತವೆಯೇ?

ಬದುಕುತ್ತವೆ. ಆದರೆ ಇವಕ್ಕೆ ಇಲ್ಲಿ ಏನು ಕಡಿಮೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಕ್ರೋಟನ್ ಮೂಲತಃ ಇಂಡೋನೇಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಕಡೆಯದು. ಕ್ಯಾಲಾಡಿಯಂ ದಕ್ಷಿಣ ಅಮೆರಿಕದ್ದು. ಅಲ್ಲೂ ಸೆಕೆ ಇದೆ. ಆದರೆ ಅಲ್ಲಿನ ಗಾಳಿಯಲ್ಲಿ ತೇವ ಇರುತ್ತದೆ, ಮಳೆ ಜೋರಾಗಿರುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು ಮಳೆ. ಮಾರ್ಚ್‌ನಿಂದ ಜೂನ್‌ವರೆಗೆ ಗಾಳಿ ಒಣಕಲು. ಬೇರು ನೀರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿಹೋಗುತ್ತದೆ. ಹಾಗಾಗಿ ಎಲೆಯ ಅಂಚು ಸುಡುತ್ತದೆ.

ಗಿಡದ ಸುತ್ತ ತೇವ ಉಳಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಕುಂಡಗಳನ್ನು ಒಂದೊಂದಾಗಿ ದೂರ ದೂರ ಇಡಬೇಡಿ, ಗುಂಪಾಗಿಡಿ. ಒಂದರ ಎಲೆಯಿಂದ ಆರುವ ತೇವ ಪಕ್ಕದ ಗಿಡಕ್ಕೂ ಸಿಗುತ್ತದೆ. ಸಂಜೆ ಕುಂಡಗಳ ಸುತ್ತಲ ನೆಲಕ್ಕೆ ನೀರು ಚಿಮುಕಿಸಿ. ಗಾಳಿ ನೇರ ಬಡಿಯುವ ಕಡೆ ಒಂದು ಚಾಪೆಯನ್ನೋ ನೆರಳು ಪರದೆಯನ್ನೋ ಅಡ್ಡ ಕಟ್ಟಿ. ಆಷಾಢದ ಗಾಳಿಗೂ ಅದು ಬೇಕಾಗುತ್ತದೆ. ಕೊಪ್ಪಳ ಕಡೆಯ ಬಯಲಿನಲ್ಲಿ ಆ ಗಾಳಿ ಕಾರ್ಡಿಲೈನ್ ಎಲೆಯನ್ನು ಸೀಳಿ ಹಾಕುತ್ತದೆ, ಸಣ್ಣ ಕುಂಡಗಳನ್ನು ಉರುಳಿಸುತ್ತದೆ.

ಮೊದಲ ಸಲ ಬೆಳೆಸುತ್ತಿದ್ದೇವೆ. ಯಾವುದರಿಂದ ಶುರು ಮಾಡಲಿ?

ಪರ್ಪಲ್ ಹಾರ್ಟ್‌ನಿಂದ. ನೇರಳೆ ಎಲೆಯ, ನೆಲಕ್ಕೆ ಹರಡುವ ಗಿಡ ಅದು. ಬಿಸಿಲಿಗೂ ಹೆದರುವುದಿಲ್ಲ, ಎರಡು ದಿನ ನೀರು ತಪ್ಪಿದರೂ ಸಾಯುವುದಿಲ್ಲ. ಬಿಸಿಲು ಜಾಸ್ತಿ ಇದ್ದಷ್ಟೂ ಬಣ್ಣ ಗಾಢವಾಗುತ್ತದೆ. ಜೊತೆಗೆ ಹಳದಿ ಡುರಾಂಟ, ತಾಮ್ರದ ಬಣ್ಣದ ಅಕ್ಯಾಲಿಫಾ ಮತ್ತು ರಿಯೋ ಹಾಕಿಕೊಳ್ಳಬಹುದು. ಇವು ನಮ್ಮ ಕಡೆ ಬಯಲಲ್ಲೇ ಬರುತ್ತವೆ. ಕ್ರೋಟನ್‌ನಲ್ಲಿ ಕಿರಿದಾದ, ದಪ್ಪ ಎಲೆಯ ತಳಿ ಆರಿಸಿಕೊಳ್ಳಿ. ಅಗಲ ಎಲೆಯವು ಬೇಸಿಗೆಯಲ್ಲಿ ಬೇಗ ಬಾಡುತ್ತವೆ.

ಕೋಲಿಯಸ್, ಕಾರ್ಡಿಲೈನ್, ಕ್ಯಾಲಾಡಿಯಂಗಳಿಗೆ ಬೆಳಗಿನ ಬಿಸಿಲು ಸಾಕು. ಹತ್ತು ಗಂಟೆಯ ನಂತರ ನೆರಳು ಬೇಕು. ಅಗ್ಲೋನಿಮಾ, ಡ್ರಸೀನಾ, ಸಿಂಗೋನಿಯಂಗಳನ್ನು ಪಡಸಾಲೆಯಲ್ಲೋ ಕಿಟಕಿ ಪಕ್ಕವೋ ಇಡಿ. ಅವುಗಳಿಗೆ ನೇರ ಬಿಸಿಲು ಬೇಡವೇ ಬೇಡ.

ದುಡ್ಡು ಖರ್ಚು ಮಾಡದೇ ಬಣ್ಣ ಬೇಕಾದರೆ ಬಣ್ಣದ ರಾಜಗಿರಿ ಬೀಜ ಚೆಲ್ಲಿ. ಮಳೆ ಶುರುವಾದ ಮೇಲೆ ಚೆಲ್ಲಿದರೆ ಕೆಲವೇ ವಾರಗಳಲ್ಲಿ ಕೆಂಪು, ಹಳದಿ, ಹಸಿರು ಮೂರೂ ಒಂದೇ ಗಿಡದಲ್ಲಿ ಕಾಣುತ್ತವೆ.

ನರ್ಸರಿಯಿಂದ ತಂದ ಕ್ರೋಟನ್ ವಾರದಲ್ಲೇ ಎಲೆ ಉದುರಿಸಿತು. ಸತ್ತಿತೇ?

ಬಹುತೇಕ ಇಲ್ಲ. ಉಗುರಿನಿಂದ ಕಾಂಡದ ಸಿಪ್ಪೆಯನ್ನು ಚೂರು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಜಾಗ ಬದಲಾದರೆ ಎಲೆ ಉದುರಿಸುವುದು ಕ್ರೋಟನ್‌ನ ಸ್ವಭಾವ.

ಇನ್ನೊಂದು ಕಾರಣವೂ ಇದೆ. ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಎಷ್ಟೋ ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ ಬರುತ್ತವೆ. ಗೋದಾವರಿ ದಂಡೆಯ ತೇವದ ಗಾಳಿಯಲ್ಲಿ ಬೆಳೆದ ಗಿಡ ಲಾರಿ ಹತ್ತಿ ರಾಯಚೂರಿನ ಒಣ ಬಿಸಿಲಿಗೆ ಬಂದು ಇಳಿಯುತ್ತದೆ. ತಂದ ದಿನವೇ ಕುಂಡ ಬದಲಾಯಿಸಿ ಬಿಸಿಲಿಗೆ ಇಟ್ಟರೆ ತಡೆಯುವುದಿಲ್ಲ. ಹತ್ತು-ಹದಿನೈದು ದಿನ ನೆರಳಲ್ಲಿಡಿ. ಆಮೇಲೆ ಬೆಳಗ್ಗೆ ಒಂದು ಗಂಟೆ, ಎರಡು ಗಂಟೆ ಅಂತ ಬಿಸಿಲು ರೂಢಿ ಮಾಡಿಸಿ.

ಕವರ್ ಬಿಚ್ಚಿದಾಗ ಬೇರಿನ ಸುತ್ತ ಜಿಗಟು ಕೆಂಪು ಮಣ್ಣಿನ ಗಟ್ಟಿ ಮುದ್ದೆ ಇದೆಯೇ ನೋಡಿ. ಅದನ್ನು ಹಾಗೇ ನೆಟ್ಟರೆ ಸುತ್ತಲಿನ ಮಣ್ಣು ಒದ್ದೆಯಾದರೂ ಮುದ್ದೆಯ ಒಳಗೆ ನೀರು ಇಳಿಯುವುದಿಲ್ಲ. ಬಕೆಟ್ ನೀರಲ್ಲಿ ಮುದ್ದೆಯನ್ನು ಅರ್ಧ ಗಂಟೆ ನೆನೆಸಿ. ಹೊರಗಿನ ಮಣ್ಣು ಬೆರಳಿಗೆ ಬಿಟ್ಟುಕೊಂಡಷ್ಟನ್ನು ಮಾತ್ರ ತೆಗೆಯಿರಿ. ಸಣ್ಣ ಬೇರು ಹರಿಯುವಷ್ಟು ಎಳೆದಾಡಬೇಡಿ.

ಹೊಲದ ಎರೆ (ಕಪ್ಪು) ಮಣ್ಣು ಫಲವತ್ತಾಗಿದೆ ಅಲ್ವಾ? ಅದನ್ನೇ ಕುಂಡಕ್ಕೆ ತುಂಬಬಹುದೇ?

ಬೇಡ. ಎರೆ ಮಣ್ಣು ಜೋಳಕ್ಕೆ, ಹತ್ತಿಗೆ, ಕಡಲೆಗೆ ಬಂಗಾರ. ಕುಂಡದಲ್ಲಿ ಮಾತ್ರ ತೊಂದರೆ ಕೊಡುತ್ತದೆ. ಒದ್ದೆಯಾದಾಗ ಉಬ್ಬಿ ಗಾಳಿಯಾಡದಂತೆ ಮಾಡುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಆಮೇಲೆ ನೀವು ಹಾಕಿದ ನೀರೆಲ್ಲ ಆ ಸಂದಿಯಿಂದ ಜಾರಿ ತಳದ ತೂತಿನಿಂದ ಹೊರಗೆ ಬರುತ್ತದೆ. ಮೇಲೆ ನೋಡಿದರೆ ನೀರು ಸೋರಿದೆ, ಗಿಡ ಕುಡಿದಿದೆ ಅನಿಸುತ್ತದೆ. ನಡುವಿನ ಬೇರಿನ ಹತ್ತಿರ ಮಣ್ಣು ಕಲ್ಲಾಗಿರುತ್ತದೆ.

ಮಸಾರಿ (ಕೆಂಪು) ಮಣ್ಣು ಎರಡು ಪಾಲು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಒಂದು ಪಾಲು, ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಸುಟ್ಟ ಭತ್ತದ ಹೊಟ್ಟು ಒಂದು ಪಾಲು. ಇದಕ್ಕೆ ಒಂದೆರಡು ಹಿಡಿ ಬೇವಿನ ಹಿಂಡಿ. ಇಷ್ಟಿದ್ದರೆ ಸಾಕು. ಕೋಕೊಪೀಟ್ ಇಟ್ಟಿಗೆಯನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿ, ಅದರಲ್ಲಿ ಉಪ್ಪಿರುತ್ತದೆ. ಗೊಬ್ಬರ ಪೂರ್ತಿ ಕೊಳೆತಿರಲೇಬೇಕು. ಹಸಿ ಗೊಬ್ಬರ ಹಾಕಿದರೆ ಮಸಾರಿ ಮಣ್ಣಿನಲ್ಲಿ ಗೆದ್ದಲು ತಪ್ಪಿದ್ದಲ್ಲ.

ರೈಸ್ ಮಿಲ್ಲಿನಿಂದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಸುಡದೇ ಹಾಕಿದರೆ ಏನಾಗುತ್ತದೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿಗೆ ಈ ಅನುಕೂಲ ಇದೆ, ಬಳಸಿಕೊಳ್ಳಿ. ಆದರೆ ಹಸಿ ಹೊಟ್ಟನ್ನು ಮಣ್ಣಿನೊಳಗೆ ಬೆರೆಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ತಿನ್ನುತ್ತದೆ. ಗಿಡ ಹಳದಿಗೆ ತಿರುಗುತ್ತದೆ. ಕಪ್ಪಗಾಗುವಷ್ಟು ಮಾತ್ರ ಸುಟ್ಟ ಹೊಟ್ಟು ಒಳ್ಳೆಯದು. ಬಿಳಿ ಬೂದಿ ಆಗುವಷ್ಟು ಸುಟ್ಟರೆ ಅದು ಕ್ಷಾರ. ನಮ್ಮ ನೀರಿನಲ್ಲಿ ಮೊದಲೇ ಕ್ಷಾರ ಜಾಸ್ತಿ, ಬೂದಿಯೂ ಸೇರಿದರೆ ಕ್ರೋಟನ್‌ಗೆ ಕಷ್ಟ.

ಹಸಿ ಹೊಟ್ಟು ಅಥವಾ ಶೇಂಗಾ ಸಿಪ್ಪೆಯನ್ನು ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಹೊದಿಸಿ. ತೇವ ಆರುವುದು ಕಡಿಮೆಯಾಗುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಹಿತ್ತಲ ನೆಲವೇ ಎರೆ ನೆಲ. ಪಾತಿಯಲ್ಲಿ ಬೆಳೆಸಲು ಆಗುವುದಿಲ್ಲವೇ?

ಆಗುತ್ತದೆ, ಪಾತಿ ಎತ್ತರಿಸಬೇಕು ಅಷ್ಟೇ. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ಆಗ ಎರೆ ನೆಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಸುತ್ತ ಕಲ್ಲೋ ಇಟ್ಟಿಗೆಯೋ ಜೋಡಿಸಿ ಒಂದು ಗೇಣಿಗಿಂತ ಜಾಸ್ತಿ ಎತ್ತರಕ್ಕೆ ಮಸಾರಿ ಮಣ್ಣು, ಗೊಬ್ಬರ ತುಂಬಿ. ಹಿಂದಿನ ಸಾಲಿಗೆ ಅಕ್ಯಾಲಿಫಾ, ಮೂರು ಅಡಿಗೆ ಒಂದು. ಮುಂದೆ ಕ್ರೋಟನ್, ಎರಡೂವರೆ ಅಡಿಗೆ ಒಂದು. ಅಂಚಿಗೆ ರಿಯೋ ಅಥವಾ ಆಲ್ಟರ್ನಾಂಥೆರಾ, ಅರ್ಧ ಅಡಿಗೆ ಒಂದು. ನೆಟ್ಟ ದಿನ ಖಾಲಿ ಖಾಲಿ ಕಾಣುತ್ತದೆ. ಆ ಖಾಲಿ ಜಾಗ ನೋಡಿ ಇನ್ನಷ್ಟು ಗಿಡ ತುರುಕಬೇಡಿ. ಮುಂದಿನ ಮಳೆಗಾಲಕ್ಕೆ ತುಂಬಿಕೊಳ್ಳುತ್ತದೆ.

ಬೇವಿನ ಮರ, ಹೊಂಗೆ ಮರ ಇದ್ದರೆ ಅದರ ಪೂರ್ವದ ಕಡೆ ಪಾತಿ ಮಾಡಿ. ಬೇವಿನ ಜರಡಿ ನೆರಳು ಕಾರ್ಡಿಲೈನ್‌ಗೂ ಕೋಲಿಯಸ್‌ಗೂ ಹೇಳಿ ಮಾಡಿಸಿದಂತಿರುತ್ತದೆ. ಮರದ ಬುಡಕ್ಕೆ ತೀರಾ ಹತ್ತಿರವಾದರೆ ಮರದ ಬೇರೇ ನೀರೆಲ್ಲ ಕುಡಿಯುತ್ತದೆ. ಅಲ್ಲಿ ಕುಂಡವನ್ನೇ ಕತ್ತಿನವರೆಗೆ ನೆಲದಲ್ಲಿ ಹೂತಿಡಿ.

ಎಲೆಯ ತುದಿ ಕಂದಾಗಿ ಒಣಗುತ್ತಿದೆ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ. ಏನಿದು?

ನೀರಿನ ಉಪ್ಪು. ನಮ್ಮ ಕಡೆ ಬೋರಿನ ನೀರು ಬಹಳ ಕಡೆ ಗಡಸು, ಕೆಲವು ಕಡೆ ಸವಳು. ಕುಂಡದಲ್ಲಿ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕುವವರ ಮನೆಯಲ್ಲಿ ಇದು ಬೇಗ ಕಾಣುತ್ತದೆ. ನೀರು ಹಾಕಿದರೆ ತಳದಿಂದ ಹೊರಬರುವಷ್ಟು ಹಾಕಿ. ತಿಂಗಳಿಗೊಮ್ಮೆ ಕುಂಡದ ಎರಡರಷ್ಟು ನೀರನ್ನು ನಿಧಾನವಾಗಿ ಸುರಿದು ಉಪ್ಪು ತೊಳೆದು ಹೋಗುವಂತೆ ಮಾಡಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಕಾರ್ಡಿಲೈನ್ ಮತ್ತು ಡ್ರಸೀನಾದಲ್ಲಿ ಇನ್ನೊಂದು ವಿಷಯ ಇದೆ. ಇವು ಫ್ಲೋರೈಡ್ ತಡೆದುಕೊಳ್ಳುವುದಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲೂ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಬೇರು ಎಳೆದ ಫ್ಲೋರೈಡ್ ಎಲೆಯ ತುದಿಗೆ ಹೋಗಿ ಕೂರುತ್ತದೆ, ತುದಿ ಸುಟ್ಟಂತಾಗುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಇದು ಹೋಗುವುದಿಲ್ಲ, ನೀರು ಬದಲಾಯಿಸಬೇಕು. ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಡಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿರುವುದಿಲ್ಲ, ಅದನ್ನು ಈ ಎರಡು ಗಿಡಗಳಿಗೇ ಮೀಸಲಿಡಿ. ತುಂಗಭದ್ರಾ ಕಾಲುವೆ ನೀರು ಬೋರಿಗಿಂತ ಎಷ್ಟೋ ವಾಸಿ, ಆದರೆ ಬೇಸಿಗೆಯಲ್ಲಿ ಕಾಲುವೆ ಬಂದ್ ಇರುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ, ಇವೆರಡಕ್ಕೆ ಅದನ್ನು ಹಾಕಬೇಡಿ. ಇಷ್ಟೆಲ್ಲ ಆಗದ ಮಾತು ಅನಿಸಿದರೆ ಕಾರ್ಡಿಲೈನ್ ಬಿಟ್ಟು ಅಕ್ಯಾಲಿಫಾ ಬೆಳೆಸಿ. ಕೆಂಪು ಬಣ್ಣ ಅದರಲ್ಲೂ ಸಿಗುತ್ತದೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇದೂ ಉಪ್ಪಿನಿಂದಲೇ?

ಇದು ಕಬ್ಬಿಣದ ಕೊರತೆ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಣ್ಣಿಗೆ ಫೆರಸ್ ಸಲ್ಫೇಟ್ ಹಾಕಿದರೂ ಅದೇ ಗತಿ. ಎಲೆಗೆ ಸಿಂಪಡಿಸಿ: ಒಂದು ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ನಿಂಬೆರಸ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹೊಸ ಚಿಗುರಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಆರ್‌ಒ ಮಷಿನ್ ಹೊರಗೆ ಬಿಡುವ ನೀರು ಸುಮ್ನೆ ಪೋಲಾಗುತ್ತದೆ. ಗಿಡಕ್ಕೆ ಹಾಕಲೇ?

ಕುಂಡಕ್ಕೆ ಬೇಡ. ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಮನೆ ಒರೆಸಲು, ಬಚ್ಚಲು ತೊಳೆಯಲು ಬಳಸಿ.

ತಂದಾಗ ಕೆಂಪು-ಹಳದಿ ಇದ್ದ ಕ್ರೋಟನ್ ಈಗ ಬರೀ ಹಸಿರು. ಯಾಕೆ?

ಬೆಳಕು ಸಾಲದು. ಎಲೆಯ ಕೆಂಪು ಬಣ್ಣ ಬರುವುದೇ ಬಿಸಿಲಿನಿಂದ. ಹಜಾರದ ಮೂಲೆಯಲ್ಲಿಟ್ಟರೆ ಗಿಡ ಹಸಿರನ್ನಷ್ಟೇ ಹೆಚ್ಚಿಸಿಕೊಂಡು ಬದುಕುತ್ತದೆ. ಕ್ರೋಟನ್‌ಗೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು, ಬೆಳಗಿನದಾದರೆ ಒಳ್ಳೆಯದು. ಮಾರ್ಚ್‌ನಿಂದ ಜೂನ್‌ವರೆಗೆ ಮಾತ್ರ ಐವತ್ತು ಪರ್ಸೆಂಟ್ ನೆರಳು ಪರದೆ ಕಟ್ಟಿ. ಮಳೆ ಹಿಡಿದ ಮೇಲೆ ತೆಗೆದುಬಿಡಿ. ಎಷ್ಟೋ ಮನೆಗಳಲ್ಲಿ ಪರದೆ ಕಟ್ಟಿದ್ದು ವರ್ಷವಿಡೀ ಹಾಗೇ ಇರುತ್ತದೆ, ಗಿಡಗಳು ಉದ್ದುದ್ದ ಬೆಳೆದು ಬಣ್ಣ ಕಳೆದುಕೊಂಡಿರುತ್ತವೆ.

ಯೂರಿಯಾ ಜಾಸ್ತಿಯಾದರೂ ಎಲೆ ಹಸಿರಾಗುತ್ತದೆ. ಪಟ್ಟೆ ಎಲೆಯ ಗಿಡದಲ್ಲಿ ಒಂದು ಕೊಂಬೆ ಮಾತ್ರ ಪೂರ್ತಿ ಹಸಿರು ಚಿಗುರಿದರೆ ಅದನ್ನು ಬುಡದಲ್ಲೇ ಕತ್ತರಿಸಿ. ಹಸಿರು ಕೊಂಬೆಗೆ ಬೆಳೆಯುವ ಶಕ್ತಿ ಜಾಸ್ತಿ, ಬಿಟ್ಟರೆ ಇಡೀ ಗಿಡವನ್ನು ಮುಚ್ಚಿಬಿಡುತ್ತದೆ.

ಮಾಳಿಗೆ ಮೇಲೆ ಕುಂಡ ಇಡಬಹುದೇ?

ಇಡಬಹುದು. ಆದರೆ ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಆ ಕಾವು ತಳದಿಂದ ಬೇರಿಗೆ ತಾಗುತ್ತದೆ. ಕುಂಡವನ್ನು ಇಟ್ಟಿಗೆಯ ಮೇಲೋ ಹಲಗೆಯ ಮೇಲೋ ಎತ್ತಿಡಿ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ. ಪೇಂಟ್ ಬಕೆಟ್‌ಗಳಿಗೆ ಹೊರಗಿನಿಂದ ಬಿಳಿ ಸುಣ್ಣ ಬಳಿಯಿರಿ. ಪಶ್ಚಿಮದ ಗೋಡೆಗೆ ಒರಗಿಸಿಡಬೇಡಿ, ಆ ಗೋಡೆ ಸೂರ್ಯ ಮುಳುಗಿದ ಮೇಲೂ ಕಾವು ಬಿಡುತ್ತಿರುತ್ತದೆ. ಸಣ್ಣ ಕುಂಡಕ್ಕಿಂತ ದೊಡ್ಡ ಕುಂಡ ವಾಸಿ, ಮಣ್ಣು ಜಾಸ್ತಿ ಇದ್ದಷ್ಟೂ ತಡವಾಗಿ ಕಾಯುತ್ತದೆ. ಕ್ರೋಟನ್‌ಗೆ 12 ಇಂಚಿನ ಕುಂಡ ಇರಲಿ.

ಬೇಸಿಗೆಯಲ್ಲಿ ಪೈಪು ಹಿಡಿಯುವ ಮುಂಚೆ ನೀರನ್ನು ಕೈಗೆ ಬಿಟ್ಟುಕೊಳ್ಳಿ. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕುದಿದಂತಿರುತ್ತದೆ. ಅದನ್ನೇ ಬುಡಕ್ಕೆ ಬಿಟ್ಟರೆ ಬೇರು ಬೇಯುತ್ತದೆ. ತಣ್ಣಗಾಗುವವರೆಗೆ ಬಕೆಟ್‌ಗೆ ಹಿಡಿಯಿರಿ.

ದಿನಕ್ಕೆ ಎಷ್ಟು ಸಲ ನೀರು?

ಲೆಕ್ಕ ಇಟ್ಟುಕೊಳ್ಳಬೇಡಿ, ಬೆರಳು ಇಟ್ಟು ನೋಡಿ. ಎರಡು ಗೆಣ್ಣಿನವರೆಗೆ ಬೆರಳು ಒತ್ತಿ. ಒಣಗಿದ್ದರೆ ನೀರು ಹಾಕಿ, ತೇವ ಇದ್ದರೆ ಬಿಡಿ. ಬೇಸಿಗೆಯಲ್ಲಿ ಮಣ್ಣಿನ ಕುಂಡಕ್ಕೆ ಬೆಳಗ್ಗೆ-ಸಂಜೆ ಎರಡೂ ಹೊತ್ತು ಬೇಕಾಗಬಹುದು. ಡಿಸೆಂಬರ್‌ನಲ್ಲಿ ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ. ಮಧ್ಯಾಹ್ನ ಕೋಲಿಯಸ್ ತಲೆ ಬಾಗಿಸಿದ್ದು ನೋಡಿ ಕೊಡ ಹಿಡಿದು ಓಡಬೇಡಿ. ಮಣ್ಣು ತೇವ ಇದ್ದರೆ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಸ್ನೇಕ್ ಪ್ಲಾಂಟ್ ಒಂದಕ್ಕೆ ಮಾತ್ರ ಪೂರ್ತಿ ಒಣಗಿದ ಮೇಲೇ ನೀರು.

ನವೆಂಬರ್‌ನಲ್ಲಿ ಕ್ಯಾಲಾಡಿಯಂ ಎಲೆ ಎಲ್ಲ ಬಿದ್ದು ಖಾಲಿ ಕುಂಡ ಉಳಿದಿದೆ. ಎಸೆಯಲೇ?

ಎಸೆಯಬೇಡಿ! ಗಡ್ಡೆ ಮಣ್ಣಿನೊಳಗೆ ಮಲಗಿದೆ. ಚಳಿ ಶುರುವಾದಾಗ ಹೀಗಾಗುವುದು ಸಹಜ. ನೀರು ನಿಲ್ಲಿಸಿ, ಕುಂಡವನ್ನು ಮನೆಯೊಳಗೆ ಒಣ ಜಾಗದಲ್ಲಿಡಿ. ಅಥವಾ ಗಡ್ಡೆ ಅಗೆದು, ಮಣ್ಣು ಕೊಡವಿ, ನೆರಳಲ್ಲಿ ಒಣಗಿಸಿ ಒಣ ಹೊಟ್ಟಿನಲ್ಲಿ ಹೂತಿಡಿ. ಖಾಲಿ ಕುಂಡ ಅಂತ ದಿನಾ ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ. ಜೂನ್‌ನಲ್ಲಿ ಮುಂಗಾರು ಬಂದಾಗ ಎರಡು ಇಂಚು ಆಳಕ್ಕೆ, ಮೊಳಕೆಯ ಕಣ್ಣು ಮೇಲಾಗುವಂತೆ ನೆಡಿ. ದೊಡ್ಡ ಗಡ್ಡೆಯನ್ನು ಕಣ್ಣಿರುವಂತೆ ತುಂಡು ಮಾಡಬಹುದು. ಕತ್ತರಿಸಿದ ಭಾಗ ಒಂದೆರಡು ದಿನ ಆರಲಿ.

ಮನೆಯಲ್ಲಿ ಯೂರಿಯಾ, ಡಿಎಪಿ ಇದೆ. ಕುಂಡಕ್ಕೂ ಹಾಕಲೇ?

ಹೊಲಕ್ಕೆ ಎರಚಿದ ಅಂದಾಜಿನಲ್ಲಿ ಕುಂಡಕ್ಕೆ ಹಾಕಿದರೆ ಬೇರು ಸುಡುತ್ತದೆ. ತಿಂಗಳಿಗೊಂದು ಹಿಡಿ ಎರೆಹುಳು ಗೊಬ್ಬರ ಸಾಕು. ಜುಲೈಯಿಂದ ಅಕ್ಟೋಬರ್‌ವರೆಗೆ, ಗಿಡ ಬೆಳೆಯುವ ಕಾಲದಲ್ಲಿ, ಲೀಟರ್ ನೀರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಕರಗಿಸಿ ಇಪ್ಪತ್ತು ದಿನಕ್ಕೊಮ್ಮೆ ಕೊಡಬಹುದು. ಏಪ್ರಿಲ್, ಮೇನಲ್ಲಿ ಯಾವ ರಾಸಾಯನಿಕ ಗೊಬ್ಬರವೂ ಬೇಡ. ಬಿಸಿಲಿಗೆ ಸೋತ ಗಿಡ ಅದನ್ನು ತಾಳುವುದಿಲ್ಲ.

ಕಾಂಡದ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು, ಎಲೆ ಕೆಳಗೆ ಸಣ್ಣ ಬಲೆ. ಏನು ಮಾಡಲಿ?

ಬಿಳಿಯದ್ದು ಹಿಟ್ಟು ತಿಗಣೆ. ಹತ್ತಿ ಹೊಲದಲ್ಲಿ ನೋಡಿದವರಿಗೆ ಗೊತ್ತಿರುತ್ತದೆ. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಅನುಮಾನ ಬೇಡ, ತಿಗಣೆಯ ಸಿಹಿ ರಸಕ್ಕಾಗಿ ಇರುವೆ ಅದನ್ನು ಕಾಯುತ್ತದೆ. ಸ್ವಲ್ಪ ಇದ್ದಾಗಲೇ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರಲ್ಲಿ ಉಜ್ಜಿ ತೆಗೆಯಿರಿ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಸಿ ವಾರಕ್ಕೊಮ್ಮೆ ಸಿಂಪಡಿಸಿ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ, ಸಂಜೆಯೇ ಆಗಬೇಕು.

ಬಲೆ ಕಟ್ಟಿರುವುದು ಕೆಂಪು ನುಸಿ. ಎಲೆ ಮಂಕಾಗಿ ದೂಳು ಹಿಡಿದಂತೆ ಕಾಣುತ್ತದೆ. ಒಣ ಹವೆ ಅಂದರೆ ಅದಕ್ಕೆ ಹಬ್ಬ. ಬಿಳಿ ಕಾಗದದ ಮೇಲೆ ಎಲೆ ತಟ್ಟಿ ನೋಡಿ, ಚುಕ್ಕೆಗಳು ಓಡಾಡಿದರೆ ನುಸಿ. ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆದರೆ ಅರ್ಧಕ್ಕರ್ಧ ಹೋಗುತ್ತದೆ. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ದೂಳು ಎಲೆ ಮೇಲೆ ಕೂರುವ ಮನೆಗಳಲ್ಲಿ ವಾರಕ್ಕೊಮ್ಮೆ ಎಲೆ ತೊಳೆಯುವುದು ಹೇಗೂ ಒಳ್ಳೆಯದು. ದೂಳು ಕೂತ ಎಲೆಗೆ ಬೆಳಕು ಸರಿಯಾಗಿ ಸಿಗುವುದಿಲ್ಲ, ನುಸಿಯೂ ಅಲ್ಲೇ ಬೇಗ ಹೆಚ್ಚುತ್ತದೆ.

ಮನೆಯಲ್ಲೇ ಸಸಿ ಮಾಡುವುದು ಹೇಗೆ?

ಕೋಲಿಯಸ್ ಎಲ್ಲಕ್ಕಿಂತ ಸುಲಭ. ದೊಡ್ಡಪತ್ರೆಯ ಬಳಗದ್ದೇ ಅದು. ನಾಲ್ಕು ಇಂಚಿನ ತುದಿ ಚಿವುಟಿ ಲೋಟದ ನೀರಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಹೂತೆನೆ ಬಂದರೆ ಚಿವುಟಿ ಹಾಕಿ, ಹೂ ಬಿಟ್ಟ ಮೇಲೆ ಎಲೆ ಸೊರಗುತ್ತದೆ. ತಾಯಿಗಿಡ ಬೇಸಿಗೆಯಲ್ಲಿ ಹೋಗಿಬಿಡಬಹುದು, ಫೆಬ್ರವರಿಯಲ್ಲೇ ಎರಡು ಕಡ್ಡಿ ನೆರಳಲ್ಲಿ ಬೆಳೆಸಿಟ್ಟುಕೊಳ್ಳಿ.

ಕ್ರೋಟನ್‌ಗೆ ಮಳೆಗಾಲದಲ್ಲಿ ಗೂಟಿ ಕಟ್ಟಿ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಬೇರು ಬರಿಸಿ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದು ಇಂಚು ಸಿಪ್ಪೆಯನ್ನು ಉಂಗುರದಂತೆ ತೆಗೆಯಿರಿ. ಒದ್ದೆ ಕೋಕೊಪೀಟ್ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿಯಾಗಿ ಕಟ್ಟಿ. ಐದಾರು ವಾರಕ್ಕೆ ಬೇರು ಹಾಳೆಯೊಳಗೇ ಕಾಣುತ್ತದೆ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ತುಂಡು ನೆಟ್ಟರೆ ಬರುವ ಮರಿ ಬರೀ ಹಸಿರಾಗಿರುತ್ತದೆ. ಹಳದಿ ಬೇಕಾದರೆ ಬುಡದ ಮರಿಯನ್ನೇ ಬೇರು ಸಹಿತ ಬಿಡಿಸಿ ನೆಡಿ.

ಚಿಕ್ಕ ಮಕ್ಕಳಿದ್ದಾರೆ. ಅಪಾಯ ಇದೆಯೇ?

ಕ್ಯಾಲಾಡಿಯಂ, ಅಗ್ಲೋನಿಮಾ, ಡೈಫೆನ್‌ಬೇಕಿಯಾ, ಸಿಂಗೋನಿಯಂ ಎಲ್ಲ ಕೆಸುವಿನ ಕುಟುಂಬದವು. ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಡೈಫೆನ್‌ಬೇಕಿಯಾ ಇವುಗಳಲ್ಲಿ ಹೆಚ್ಚು ತೊಂದರೆ ಕೊಡುವುದು. ಮಗು ಅಗಿದಿದ್ದರೆ ಬಾಯಿ ಒರೆಸಿ, ತಣ್ಣೀರು ಕುಡಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇವು ಕೈಗೆ ಎಟುಕದ ಎತ್ತರದಲ್ಲಿರಲಿ. ಕ್ರೋಟನ್ ಕತ್ತರಿಸಿದಾಗ ಬರುವ ರಸ ಚರ್ಮಕ್ಕೆ ತುರಿಕೆ ತರುತ್ತದೆ, ಬಟ್ಟೆಗೆ ಕಲೆ ಮಾಡುತ್ತದೆ. ಕತ್ತರಿಸಿದ ಮೇಲೆ ಕೈ ತೊಳೆಯಿರಿ.

ಮೇ ತಿಂಗಳಲ್ಲಿ ಒಂದು ವಾರ ಊರಿಗೆ ಹೋಗಬೇಕು. ನೀರು ಹಾಕಲು ಯಾರೂ ಇಲ್ಲ.

ಕುಂಡಗಳನ್ನೆಲ್ಲ ಮಾಳಿಗೆಯಿಂದ ಇಳಿಸಿ, ಮನೆಯ ದಕ್ಷಿಣದ ಗೋಡೆಯ ಪಕ್ಕ ನೆರಳಲ್ಲಿ ಒಂದಕ್ಕೊಂದು ತಾಗಿಸಿ ಇಡಿ. ಹೊರಡುವ ಹಿಂದಿನ ದಿನ ಸಂಜೆ ತಳದಿಂದ ಸೋರುವಷ್ಟು ನೀರು ಹಾಕಿ, ಬೆಳಗ್ಗೆ ಇನ್ನೊಮ್ಮೆ. ಒದ್ದೆ ಗೋಣಿಚೀಲವನ್ನು ಕುಂಡಗಳ ಸುತ್ತ ಸುತ್ತಿ. ಕೋಲಿಯಸ್‌ನಂಥ ಬಾಯಾರಿಕೆಯ ಗಿಡಗಳಿಗೆ ಬತ್ತಿ ಇಡಿ: ಬಕೆಟ್ ತುಂಬ ನೀರು ಕುಂಡಕ್ಕಿಂತ ಸ್ವಲ್ಪ ಎತ್ತರದಲ್ಲಿಟ್ಟು, ಹಳೆ ಹತ್ತಿ ಸೀರೆಯ ಪಟ್ಟಿಯನ್ನು ಒದ್ದೆ ಮಾಡಿ ಒಂದು ತುದಿ ಬಕೆಟ್‌ನ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ನಾಲ್ಕು ಬೆರಳು ಆಳಕ್ಕೆ ಹೂಳಿ. ಬಕೆಟ್ ಬಾಯಿ ಮುಚ್ಚಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಪಟ್ಟಿ ಎಷ್ಟು ನೀರು ಎಳೆಯುತ್ತದೆ ಅಂತ ಹೋಗುವ ನಾಲ್ಕು ದಿನ ಮುಂಚೆಯೇ ಕಟ್ಟಿ ನೋಡಿ. ಅಗಲ ಜಾಸ್ತಿಯಾದರೆ ಎರಡೇ ದಿನದಲ್ಲಿ ಬಕೆಟ್ ಖಾಲಿಯಾಗುತ್ತದೆ, ಆಗ ಪಟ್ಟಿಯನ್ನು ಸೀಳಿ ಸಣ್ಣದು ಮಾಡಿಕೊಳ್ಳಿ.